ಮೀನಿಗಿಂತ ಮೊದಲು ನೀರು

ಭಾನುವಾರ ಸಂಜೆ ದಾವಣಗೆರೆಯ ಯಾವುದೇ ಅಕ್ವೇರಿಯಂ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಮಗು ಗಾಜಿಗೆ ಮೂಗು ಒತ್ತಿ ನಿಂತಿರುತ್ತದೆ, ಅಪ್ಪ ಚೌಕಾಸಿ ಮುಗಿಸಿರುತ್ತಾರೆ. ದುಂಡನೆಯ ಗಾಜಿನ ಬೌಲ್, ಬಣ್ಣ ಹಚ್ಚಿದ ಕಲ್ಲು, ಒಂದು ಡಬ್ಬಿ ಆಹಾರ, ಪ್ಲಾಸ್ಟಿಕ್ ಕವರಿನಲ್ಲಿ ಎರಡು ಗೋಲ್ಡ್‌ಫಿಶ್ ಒಟ್ಟಿಗೇ ಬೈಕ್ ಏರುತ್ತವೆ. ನಾಲ್ಕೈದು ದಿನ ಮನೆಯಲ್ಲಿ ಹಬ್ಬ. ವಾರ ತುಂಬುವ ಹೊತ್ತಿಗೆ ನೀರು ಮಬ್ಬಾಗುತ್ತದೆ, ಒಂದು ಮೀನು ಮೇಲೆ ಬಂದು ಬಾಯಿ ಬಡಿಯತೊಡಗುತ್ತದೆ, ಮರುದಿನ ತೇಲುತ್ತದೆ. ಇನ್ನೊಂದು ಅದರ ಹಿಂದೆಯೇ ಹೋಗುತ್ತದೆ. 'ನಮ್ಮ ಮನೇಲಿ ಮೀನು ಉಳಿಯಲ್ಲ ಬಿಡಿ, ಕೈಗುಣ' ಎಂಬ ಮಾತಿನೊಂದಿಗೆ ಬೌಲ್ ಅಟ್ಟ ಸೇರುತ್ತದೆ.

ಇದರಲ್ಲಿ ಕೈಗುಣದ ಪಾತ್ರ ಏನೂ ಇಲ್ಲ. ಮಗು ಮಾಡಿದ ತಪ್ಪೂ ಇಲ್ಲ. ಆ ಮೀನುಗಳನ್ನು ಕೊಂದದ್ದು ಬಹುತೇಕ ಅವುಗಳದೇ ಅಮೋನಿಯಾ.

ಮೀನು ಉಸಿರಾಡುತ್ತಲೇ ಕಿವಿರುಗಳ ಮೂಲಕ ಅಮೋನಿಯಾ ಹೊರಬಿಡುತ್ತದೆ. ಹಿಕ್ಕೆಯಿಂದಲೂ, ತಿನ್ನದೆ ಬಿಟ್ಟು ಕೊಳೆತ ಆಹಾರದಿಂದಲೂ ಅದು ಹುಟ್ಟುತ್ತದೆ. ಹೊಳೆಯಲ್ಲಿ ಅದು ಹರಿದುಹೋಗುತ್ತದೆ, ಕೆರೆಯಲ್ಲಿ ಅದನ್ನು ಕರಗಿಸುವ ಜೀವಿಗಳಿವೆ. ಹೊಸ ಗಾಜಿನ ತೊಟ್ಟಿಯಲ್ಲಿ ಎರಡೂ ಇಲ್ಲ. ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ, ಒಳಗಿನ ಮೀನಿನ ಕಿವಿರು ಮಾತ್ರ ಸುಡುತ್ತಿರುತ್ತದೆ. ತೊಟ್ಟಿ ಹಳೆಯದಾದಂತೆ ಕಲ್ಲು, ಸ್ಪಾಂಜು, ಗಾಜಿನ ಮೇಲೆಲ್ಲ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ನೆಲೆಯೂರುತ್ತವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತಕ್ಕೆ ಸೇರಿದರೆ ರಕ್ತ ಕಂದು ಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಬಹಳ ಸೌಮ್ಯ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಅದು ಮಿತಿಯಲ್ಲಿರುತ್ತದೆ. ಈ ಎರಡೂ ಬಗೆಯವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಕಾಯದೆ ಮೀನು ಬಿಟ್ಟರೆ ಅದನ್ನು ವಿಷಕ್ಕೆ ಬಿಟ್ಟಂತೆಯೇ.

ಹಾಗಾಗಿ ತೊಟ್ಟಿಯ ಮೊದಲ ತಿಂಗಳು ಮೀನಿಲ್ಲದ ತಿಂಗಳು. ತೊಟ್ಟಿ ಕೂರಿಸಿ, ನೀರು ತುಂಬಿಸಿ, ಗಾಳಿಪಂಪು ಮತ್ತು ಸ್ಪಾಂಜ್ ಫಿಲ್ಟರ್ ಹಗಲಿರುಳು ಓಡಿಸಬೇಕು. ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ನೀರಿಗೇ ಹಾಕಬೇಕು. ಅದು ಕೊಳೆತು ಅಮೋನಿಯಾ ಆಗುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೇ ಊಟ. 'ಅಪ್ಪಾಜಿ, ಮೀನು ಯಾವಾಗ ತರೋದು?' ಎಂದು ಮಗು ದಿನಾ ಕೇಳುತ್ತದೆ, ಕೇಳಲಿ. ಆ ಚಿಟಿಕೆ ಹಾಕುವ ಕೆಲಸವನ್ನು ಅದಕ್ಕೇ ಕೊಡಿ. ಅಮೋನಿಯಾ, ನೈಟ್ರೈಟ್ ಅಳೆಯುವ ಕಿಟ್ ಅಕ್ವೇರಿಯಂ ಅಂಗಡಿಯಲ್ಲಿ ಅಥವಾ ಆನ್‌ಲೈನ್‌ನಲ್ಲಿ ಸಿಗುತ್ತದೆ. ಟ್ಯೂಬಿನಲ್ಲಿ ಬಣ್ಣ ಬದಲಾಗುವುದನ್ನು ನೋಡುವುದು ಎಂಟು ವರ್ಷದ ಮಗುವಿಗೆ ಮೀನಿನಷ್ಟೇ ಕುತೂಹಲದ ವಿಷಯ. ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದ ದಿನ ಅಂಗಡಿಗೆ ಹೊರಡಬಹುದು. ನಡುವೆ ನೀರು ಒಮ್ಮೆ ಹಾಲು ಬೆರೆಸಿದಂತೆ ಮಬ್ಬಾದರೆ ಗಾಬರಿಯಾಗಿ ಎಲ್ಲವನ್ನೂ ತೊಳೆಯಬೇಡಿ. ಅದು ಬ್ಯಾಕ್ಟೀರಿಯಾ ಹೆಚ್ಚಿದ್ದರ ಗುರುತು, ತಾನೇ ತಿಳಿಯಾಗುತ್ತದೆ.

ನೀರು ಕೆಟ್ಟಿದ್ದನ್ನು ಎಲ್ಲರಿಗಿಂತ ಮೊದಲು ಹೇಳುವುದು ಮೀನು. ಹರಿಹರದವರಿಗೆ ಇದು ಹೊಸ ಪಾಠವಲ್ಲ. 1980ರ ದಶಕದಲ್ಲಿ ಕಾರ್ಖಾನೆಯ ತ್ಯಾಜ್ಯ ಸೇರಿ ಅವರೂರಿನ ತುಂಗಭದ್ರೆಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತಿದ್ದವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ನದಿಯ ಪರವಾಗಿ ಹೋರಾಟಕ್ಕಿಳಿದದ್ದು ಆ ಕಾಲದಲ್ಲೇ. ಮನೆಯ ಮೂಲೆಯ ತೊಟ್ಟಿಯಲ್ಲಿ ಅಮೋನಿಯಾ ಅಳೆಯಲು ಕಲಿತ ಮಗು ನಾಳೆ ಹೊಳೆಯ ದಡದಲ್ಲಿ ನಿಂತಾಗ ಕೇಳುವ ಪ್ರಶ್ನೆಗಳೇ ಬೇರೆ ಎಂದು ನಾನು ನಂಬಿದ್ದೇನೆ.

ಯಾವ ನೀರು ತುಂಬಿಸುವುದು ಎಂಬುದು ನಮ್ಮ ಕಡೆ ದೊಡ್ಡ ವಿಷಯ. ದಾವಣಗೆರೆಗೆ ಎರಡು ಬಗೆಯ ನೀರು ಬರುತ್ತದೆ. ನಲ್ಲಿಯಲ್ಲಿ ಬರುವುದು ಹೊಳೆ ನೀರು. ರಾಜನಹಳ್ಳಿಯಿಂದ ಪಂಪ್ ಆಗುವ ತುಂಗಭದ್ರೆ, ಭದ್ರಾ ನಾಲೆಯಿಂದ ತುಂಬಿಕೊಳ್ಳುವ ಕುಂದವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗಳೇ ಅದರ ಮೂಲ. ಈ ನೀರು ಹೆಚ್ಚು ಗಡುಸಲ್ಲ, ಆದರೆ ಕ್ಲೋರಿನ್ ಬೆರೆತಿರುತ್ತದೆ. ಕ್ಲೋರಿನ್ ಮೀನಿಗೂ ಬ್ಯಾಕ್ಟೀರಿಯಾಕ್ಕೂ ಶತ್ರು. ಅಗಲ ಬಾಯಿಯ ಬಕೆಟಿನಲ್ಲಿ ಒಂದಿಡೀ ದಿನ ತೆರೆದಿಟ್ಟರೆ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿ ಸಾಕು, ಅದರಲ್ಲಿರುವುದು ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್. ಇನ್ನೊಂದು ಬೋರ್‌ವೆಲ್ ನೀರು. ಹರಿಹರ ತಾಲ್ಲೂಕಿನ ಸಾರಥಿಯಂಥ ಊರುಗಳಲ್ಲಿ, ಹೊಳೆ ಹತ್ತಿರದಲ್ಲೇ ಇದ್ದರೂ ಬೋರಿನ ನೀರು ಬಳಸುವ ಮನೆಗಳಿವೆ. ಸ್ನಾನದ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟಿದ್ದರೆ ಅದು ಗಡಸು ನೀರು ಎಂದು ತಿಳಿಯಿರಿ. ತೊಟ್ಟಿಯಲ್ಲೂ ನೀರು ಆವಿಯಾದ ಮಟ್ಟದಲ್ಲಿ ಗಾಜಿಗೆ ಅದೇ ಬಿಳಿ ಗೆರೆ ಕೂರುತ್ತದೆ.

ಅನುಭವಿಗಳೂ ಎಡವುವ ಜಾಗ ಇದು. ಒಂದು ವಾರ ನಲ್ಲಿ ನೀರು, ನಲ್ಲಿ ಬಾರದ ವಾರ ಬೋರಿನ ನೀರು ಎಂದು ಬದಲಿಸುತ್ತ ಹೋದರೆ ಮೀನು ಒಗ್ಗಿಕೊಳ್ಳುವುದೇ ಇಲ್ಲ. ಒಂದನ್ನು ಆರಿಸಿ, ಅದಕ್ಕೇ ಅಂಟಿಕೊಳ್ಳಿ. ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ ಹೆಚ್ಚು. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಬೋರಿನ ನೀರಿನವರು ಒಂದು ತಿಂಗಳ ಕಾಯುವಿಕೆಯನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸಬೇಕು.

ಒಳ್ಳೆಯ ಸುದ್ದಿಯೆಂದರೆ, ಗಡಸು ನೀರನ್ನೇ ಇಷ್ಟಪಡುವ ಮೀನು ಉಂಟು, ಅದೂ ಅಗ್ಗದ್ದು, ಚೆಲುವಾದದ್ದು: ಗಪ್ಪಿ. ದಕ್ಷಿಣ ಅಮೆರಿಕದ ಉತ್ತರ ಭಾಗ, ಟ್ರಿನಿಡಾಡ್ ದ್ವೀಪ ಇದರ ತವರು. ಅಲ್ಲಿಂದ ಮಾದರಿ ಕಳುಹಿಸಿದ ರಾಬರ್ಟ್ ಜಾನ್ ಲೆಕ್‌ಮಿಯರ್ ಗಪ್ಪಿ ಎಂಬವರ ಹೆಸರೇ ಇದಕ್ಕೆ ಉಳಿಯಿತು. ನಮ್ಮ ಆರೋಗ್ಯ ಇಲಾಖೆಯವರು ಸೊಳ್ಳೆ ಮರಿಗಳನ್ನು ತಿನ್ನಲೆಂದು ಕೆರೆ, ಬಾವಿ, ತೊಟ್ಟಿಗಳಿಗೆ ಬಿಡುವ 'ಲಾರ್ವಾಹಾರಿ ಮೀನು' ಇದೇ. ಬಾವಿಯಲ್ಲಿ ಬದುಕಿ ತೋರಿಸಿದ ಮೀನು ಮನೆಯ ತೊಟ್ಟಿಯಲ್ಲೂ ಬದುಕುತ್ತದೆ. ಗಂಡಿನ ಬಾಲ ಬೀಸಣಿಗೆಯಂತೆ ಅರಳಿರುತ್ತದೆ, ಹೆಣ್ಣು ಗಾತ್ರದಲ್ಲಿ ದೊಡ್ಡದು, ಬಣ್ಣದಲ್ಲಿ ಸಪ್ಪೆ. ಹೊಸಬರು ಗಂಡುಗಳನ್ನಷ್ಟೇ ಸಾಕಿದರೆ ಮರಿಗಳ ಯೋಚನೆ ಇರದು. ಹೆಣ್ಣು ಬೇಕೇ ಬೇಕೆಂದರೆ ಒಂದು ಗಂಡಿಗೆ ಎರಡು ಮೂರು ಹೆಣ್ಣಿರಲಿ, ಇಲ್ಲದಿದ್ದರೆ ಗಂಡು ಬೆನ್ನಟ್ಟಿ ಬೆನ್ನಟ್ಟಿ ಹೆಣ್ಣನ್ನು ದಣಿಸುತ್ತದೆ. ಮಾಲಿ, ಪ್ಲಾಟಿ ಕೂಡ ಇದೇ ಸ್ವಭಾವದವು.

ನಲ್ಲಿ ನೀರಿನ ಮನೆಗೆ ಜೀಬ್ರಾ ಡೇನಿಯೊ ಚೆನ್ನ. ಕರ್ನಾಟಕದ ಹಳ್ಳಗಳಲ್ಲೂ ಸಿಗುವ ಈ ಪಟ್ಟೆ ಮೀನು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಓಡಾಡುತ್ತಿದೆ. ಗುಂಪಿನ ಜೀವ, ಐದಾರಾದರೂ ಒಟ್ಟಿಗಿರಬೇಕು. ಫೈಟರ್ ಮೀನು ತಂದರೆ ಒಂದೇ ತನ್ನಿ, ಎರಡು ಗಂಡು ಸೇರಿದರೆ ಕಾದಾಟ ಖಚಿತ. ಗೋಲ್ಡ್‌ಫಿಶ್ ಮಾತ್ರ ಮೊದಲ ಮೀನಾಗದಿರಲಿ. ಚೆನ್ನಾಗಿ ಸಾಕಿದರೆ ಅದು ಗೇಣುದ್ದ ಬೆಳೆಯುತ್ತದೆ, ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ, ಗಲೀಜೂ ಹೆಚ್ಚು ಮಾಡುತ್ತದೆ. ಬೌಲಿನಲ್ಲಿ ಅದನ್ನು ಇಡುವುದು ಹಿಂಸೆ, ಅಂಗಡಿಯವರು ಏನೇ ಹೇಳಲಿ.

ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದಿರಲಿ. ತುಂಬಿದರೆ ಐವತ್ತು ಲೀಟರಿನ ಆಸುಪಾಸು ಹಿಡಿಯುತ್ತದೆ, ಕಲ್ಲು ಗಾಜು ಸೇರಿ ಅರವತ್ತು ಕಿಲೋ ದಾಟುವುದರಿಂದ ಟೀಪಾಯಿಯ ಮೇಲೆ ಇಡಬೇಡಿ. ಅಡಿಗೆ ಥರ್ಮಾಕೋಲ್ ಹಾಳೆ ಹಾಸಿ, ಕಿಟಕಿಯ ನೇರ ಬಿಸಿಲಿನಿಂದ ದೂರವಿಡಿ. ಸಣ್ಣ ತೊಟ್ಟಿ ಸುಲಭ ಎನ್ನುವುದು ತಪ್ಪು ಲೆಕ್ಕ. ನೀರು ಹೆಚ್ಚಿದಷ್ಟೂ ವಿಷ ತೆಳುವಾಗುತ್ತದೆ, ಬಿಸಿ ನಿಧಾನ ಏರುತ್ತದೆ. ಮೊದಲಿಗೆ ಮೂರು ಮೀನು, ಎರಡು ವಾರ ಬಿಟ್ಟು ಇನ್ನು ಮೂರು. ತಂದ ಕವರನ್ನು ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯಲ್ಲೇ ತೇಲಿಬಿಟ್ಟು, ಒಂದೊಂದು ಲೋಟ ತೊಟ್ಟಿಯ ನೀರು ಬೆರೆಸುತ್ತ ಹೋಗಿ, ಆಮೇಲೆ ಬಲೆಯಿಂದ ಮೀನನ್ನಷ್ಟೇ ಎತ್ತಿ ಒಳಗೆ ಬಿಡಿ. ಕವರಿನ ನೀರು ಚರಂಡಿಗೆ ಹೋಗಲಿ, ಅದರಲ್ಲಿ ಅಂಗಡಿಯ ರೋಗಾಣು ಇರಬಹುದು.

ಊಟದ ವಿಷಯಕ್ಕೆ ಬಂದರೆ, ದಾವಣಗೆರೆಯ ಮಕ್ಕಳಿಗೆ ಮೀನು ಎಂದೊಡನೆ ಮಂಡಕ್ಕಿ ನೆನಪಾಗುತ್ತದೆ. ಶೃಂಗೇರಿಗೆ ಹೋದಾಗ ತುಂಗೆಯ ಮೆಟ್ಟಿಲಲ್ಲಿ ಕೂತು ಮಂಡಕ್ಕಿ ಎಸೆದು, ದೊಡ್ಡ ದೊಡ್ಡ ಮೀನು ಮುಗಿಬೀಳುವುದನ್ನು ಕಂಡವರು ಅವರು. ಅಲ್ಲಿ ಹರಿಯುವ ಹೊಳೆ ಇದೆ, ನೂರಾರು ಬಾಯಿಗಳಿವೆ. ಮನೆಯ ತೊಟ್ಟಿಗೆ ಒಂದು ಹಿಡಿ ಮಂಡಕ್ಕಿ ಬಿದ್ದರೆ ಸಂಜೆಗೆ ಅದು ಉಬ್ಬಿ, ಮರುದಿನಕ್ಕೆ ಹುಳಿತು ಅಮೋನಿಯಾ ಆಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಮೀನುಗಳ ಬಗೆಗಳನ್ನೂ ಅವುಗಳಿಗೆ ಹಾಕುವ ಆಹಾರವನ್ನೂ ವಿವರಿಸಿದ್ದಾನೆ. ಯಾವ ಮೀನಿಗೆ ಏನು ಊಟ ಎಂಬ ವಿಚಾರಕ್ಕೆ ನಮ್ಮ ನಾಡಿನಲ್ಲಿ ಅಷ್ಟು ಹಳೆಯ ಇತಿಹಾಸವಿದೆ. ಗಪ್ಪಿಗೆ ಸಣ್ಣ ಕಾಳಿನ ಒಣ ಆಹಾರ ಸಾಕು. ಎರಡು ನಿಮಿಷದಲ್ಲಿ ಮುಗಿಯುವಷ್ಟು, ದಿನಕ್ಕೆ ಎರಡು ಸಲ. ವಾರಕ್ಕೆ ಒಂದು ದಿನ ಉಪವಾಸ, ಇದರಿಂದ ಮೀನಿಗೆ ಯಾವ ತೊಂದರೆಯೂ ಇಲ್ಲ. ಡಬ್ಬಿಯನ್ನು ಮಗುವಿನ ಕೈಗೆ ಕೊಡುವ ಬದಲು ದಿನದ ಪಾಲನ್ನು ಪುಟ್ಟ ಬಟ್ಟಲಲ್ಲಿ ಹಾಕಿಡಿ. ಅಜ್ಜ, ಅಜ್ಜಿ, ಅತ್ತೆ ಎಲ್ಲರೂ ಪ್ರೀತಿಯಿಂದ ಒಂದೊಂದು ಚಿಟಿಕೆ ಹಾಕುವ ತುಂಬಿದ ಮನೆಯಲ್ಲಿ ಮೀನಿಗೆ ಬರುವ ಕುತ್ತು ಈ ಬಟ್ಟಲಿನಿಂದ ತಪ್ಪುತ್ತದೆ.

ನಮ್ಮ ಊರಿನ ಏಪ್ರಿಲ್ ಮೀನಿಗೆ ಪರೀಕ್ಷೆಯ ತಿಂಗಳು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಿದರೆ 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಅದೇ ಹೊತ್ತಿಗೆ ಕರೆಂಟ್ ಹೋಗಿ ಗಾಳಿಪಂಪು ನಿಂತರೆ ಅಪಾಯ ಇಮ್ಮಡಿ. ಬ್ಯಾಟರಿಯಲ್ಲಿ ಓಡುವ ಪುಟ್ಟ ಪಂಪು ಸಿಗುತ್ತದೆ, ಒಂದನ್ನು ಇಟ್ಟುಕೊಳ್ಳಿ. ಮುಚ್ಚಳ ಸರಿಸಿ ನೀರಿನ ಮೇಲೆ ಫ್ಯಾನಿನ ಗಾಳಿ ಹಾಯಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಜುಗಡ್ಡೆ ಹಾಕಬೇಡಿ, ತಟ್ಟನೆ ತಂಪಾದ ನೀರು ಸೆಕೆಗಿಂತ ಕೆಟ್ಟದ್ದು. ಮಧ್ಯಾಹ್ನ ತಾರಸಿಯ ಸಿಂಟೆಕ್ಸ್ ನೀರನ್ನು ನೇರ ಸುರಿಯುವುದೂ ಅಷ್ಟೇ ಅನಾಹುತ.

ವಾರದ ಕೆಲಸ ಅರ್ಧ ಗಂಟೆಯದು. ಪೈಪಿನಿಂದ ತಳದ ಹಿಕ್ಕೆ ಎಳೆದು ಕಾಲು ಭಾಗ ನೀರು ತೆಗೆಯುವುದು, ತೆರೆದಿಟ್ಟ ನೀರು ತುಂಬುವುದು. ಸ್ಪಾಂಜು ಕಪ್ಪಾಗಿದ್ದರೆ ತೆಗೆದ ಹಳೆಯ ನೀರಿನಲ್ಲೇ ಒಂದೆರಡು ಸಲ ಹಿಂಡಿ. ನಲ್ಲಿಯ ಕೆಳಗೆ ಉಜ್ಜಿ ತೊಳೆದರೆ ತಿಂಗಳುಗಟ್ಟಲೆ ಬೆಳೆಸಿದ ಬ್ಯಾಕ್ಟೀರಿಯಾ ನಾಶವಾಗುತ್ತವೆ. ಇಡೀ ತೊಟ್ಟಿಯನ್ನು ಖಾಲಿ ಮಾಡಿ ಸೋಪು ಹಾಕಿ ತೊಳೆಯುವ ರೂಢಿ ಅನೇಕ ಮನೆಗಳಲ್ಲಿದೆ. ಮರುವಾರವೇ ಮೀನು ಸಾಯಲು ಅದೇ ಕಾರಣ. ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಕಂಡರೆ ಅದು ಪರಾವಲಂಬಿಯ ರೋಗ, ಬೇಗ ಹಬ್ಬುತ್ತದೆ, ಔಷಧಿಗೆ ತಡಮಾಡಬೇಡಿ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಔಷಧಿ ಹುಡುಕುವ ಮೊದಲು ನೀರು ಅಳೆಯಿರಿ, ಕಾಲು ಭಾಗ ಬದಲಿಸಿ.

ಎಷ್ಟೇ ಜೋಪಾನ ಮಾಡಿದರೂ ಗಪ್ಪಿಯ ಆಯುಸ್ಸು ಎರಡು ವರ್ಷದ ಆಸುಪಾಸು. ಅದು ಸತ್ತಾಗ ಮಗು ಶಾಲೆಗೆ ಹೋದ ಹೊತ್ತು ನೋಡಿ ಅದೇ ಬಣ್ಣದ ಇನ್ನೊಂದನ್ನು ತಂದಿಡುವ ಅಪ್ಪಂದಿರಿದ್ದಾರೆ. ದಯವಿಟ್ಟು ಬೇಡ. ಸತ್ತಿತು ಎಂದು ಹೇಳಿ, ಅಳಲು ಬಿಡಿ, ತುಳಸಿ ಕುಂಡವಲ್ಲದ ಬೇರೆ ಕುಂಡದಲ್ಲಿ ಹೂಳಲು ಜೊತೆಗೆ ನಿಲ್ಲಿ.

ಗಂಡು ಹೆಣ್ಣು ಎರಡೂ ಇರುವ ತೊಟ್ಟಿಯಲ್ಲಿ ಸಾವಿಗಿಂತ ಹುಟ್ಟಿನದೇ ದೊಡ್ಡ ಸಮಸ್ಯೆ. ಗಪ್ಪಿ ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ, ನಾಲ್ಕು ವಾರಕ್ಕೊಮ್ಮೆ ಇಪ್ಪತ್ತು ಮೂವತ್ತು. ಹೆಚ್ಚಾದವನ್ನು ಕುಂದವಾಡ ಕೆರೆಗೋ ಭದ್ರಾ ನಾಲೆಗೋ ಬಿಡುವುದು ಪುಣ್ಯವೆಂದು ತೋರಬಹುದು. ಹೊರಗಿನಿಂದ ಬಂದ ಜಿಲೇಬಿ ಮೀನು ನಮ್ಮ ಕೆರೆಗಳನ್ನು ತುಂಬಿಕೊಂಡ ಬಗೆ, ಗಾಜು ಉಜ್ಜುತ್ತದೆಂದು ತಂದ ಸಕ್ಕರ್ ಮೀನು ಈಗ ದೇಶದ ನದಿ ಕೆರೆಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿರುವ ಬಗೆ ನೋಡಿದರೆ ಅದು ಪುಣ್ಯವಲ್ಲ. ಆರೋಗ್ಯ ಇಲಾಖೆಯವರು ಗಪ್ಪಿ ಬಿಡುವುದಕ್ಕೆ ಅವರ ಲೆಕ್ಕವಿದೆ, ನಮ್ಮ ತೊಟ್ಟಿಯದು ತೊಟ್ಟಿಯಲ್ಲೇ ಉಳಿಯಬೇಕು. ಪಕ್ಕದ ಮನೆಯಲ್ಲೋ ತರಗತಿಯಲ್ಲೋ ಮೀನು ಬೇಕೆನ್ನುವ ಮಗು ಇದ್ದೇ ಇರುತ್ತದೆ. ಅದಕ್ಕೆ ಆರು ಮರಿ ಕೊಡುವಾಗ ನಿಮ್ಮ ಫಿಲ್ಟರಿನ ಸ್ಪಾಂಜನ್ನು ಕತ್ತರಿಸಿ ಅರ್ಧವನ್ನೂ ಒದ್ದೆಯಾಗಿಯೇ ಕೊಡಿ. ಒಣಗುವ ಮೊದಲು ಅದು ಹೊಸ ತೊಟ್ಟಿ ಸೇರಿದರೆ ಬ್ಯಾಕ್ಟೀರಿಯಾ ಅಲ್ಲಿ ಆಗಲೇ ಕೆಲಸ ಹಿಡಿಯುತ್ತವೆ, ಆ ಮನೆಯವರು ತಿಂಗಳಿಡೀ ಕಾಯಬೇಕಿಲ್ಲ. ಮೊದಲ ಎರಡು ವಾರ ಮಾತ್ರ ದಿನಾ ಅಮೋನಿಯಾ ಅಳೆಯಲು ಹೇಳಿ.