ಸಿರೆಯನ್ನು ಅದುಮುವ ಧಮನಿ

ಹರಿಯುವ ರಕ್ತವು ಧಮನಿಗಳ ಭಿತ್ತಿಯ ಮೇಲೆ ಹೇರುವ ಭಾರವೇ ರಕ್ತದೊತ್ತಡ. ವಿಶ್ರಾಂತಿಯಲ್ಲಿರುವಾಗ ಬೇರೆ ಬೇರೆ ದಿನ ಅಳೆದರೂ ಅದು 140/90ನ್ನು ಮುಟ್ಟಿಯೋ ಮೀರಿಯೋ ಇದ್ದರೆ ಅಧಿಕವೆನ್ನುವರು. ವ್ಯಾಖ್ಯೆಗೆ ಇಷ್ಟು ಸಾಕು.

ಸಿದ್ಧಕಟ್ಟೆಯ ಪೇಟೆಗೆ ಬರುವ ಹಿರಿಯರಲ್ಲಿ ಈ ಮಾತೆತ್ತಿದರೆ, “ಕಣ್ಣು ಕೆಂಪಾಗಿಲ್ಲ, ತಲೆ ತಿರುಗುವುದಿಲ್ಲ, ನನಗೆಲ್ಲಿಯ ಬಿಪಿ?” ಎಂಬ ಉತ್ತರ ಬರುವುದುಂಟು. ಮತ್ತೆ ಕೆಲವರು ಕಣ್ಣಿನ ಒತ್ತಡವನ್ನೂ ರಕ್ತದ ಒತ್ತಡವನ್ನೂ ಒಂದೆಂದೇ ಭಾವಿಸುವರು. ಕಣ್ಣಿನ ಒತ್ತಡವು ಗೋಲದೊಳಗಿನ ದ್ರವದ್ದು. ಪಾದರಸದ 10ರಿಂದ 21 ಮಿಲಿಮೀಟರ್ ಅದರ ಸಾಮಾನ್ಯ ಮಿತಿ. ತೋಳಿಗೆ ಪಟ್ಟಿ ಕಟ್ಟಿ ಅದನ್ನು ಅಳೆಯಲಾಗದು. ರಕ್ತದೊತ್ತಡದ ಹಾನಿಯಾದರೋ, ಹೊರಗೆ ಕಾಣುವ ಬಿಳಿಭಾಗದಲ್ಲಲ್ಲ, ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ, ಯಾವ ನೋವೂ ಇಲ್ಲದೆ ನಡೆಯುತ್ತದೆ.

1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸನು ಅಕ್ಷಿದರ್ಶಕವನ್ನು ಪ್ರಕಟಪಡಿಸಿದ ಮೇಲೆ, ಜೀವಂತ ಮನುಷ್ಯನ ರಕ್ತನಾಳಗಳನ್ನು ಚರ್ಮ ಕೊಯ್ಯದೆಯೇ ಕಣ್ಣಾರೆ ನೋಡುವ ಭಾಗ್ಯ ವೈದ್ಯರಿಗೆ ಒದಗಿತು. ಇದನ್ನು ಎಷ್ಟು ಸಲ ವಿವರಿಸಿದರೂ ನನ್ನ ಬೆರಗು ತಗ್ಗಿಲ್ಲ. ವರ್ಷಗಟ್ಟಲೆ ಒತ್ತಡವನ್ನು ತಾಳಿದ ಕಿರುಧಮನಿಗಳು ಮೊದಲು ಸಂಕುಚಿಸಿ, ಅನಂತರ ಭಿತ್ತಿ ದಪ್ಪಗಟ್ಟಿ, ಬೆಳಕು ಬಿದ್ದಾಗ ತಾಮ್ರದ ತಂತಿಯಂತೆ ಹೊಳೆಯತೊಡಗುತ್ತವೆ. ಧಮನಿಯೂ ಸಿರೆಯೂ ಒಂದನ್ನೊಂದು ದಾಟುವೆಡೆಯಲ್ಲಿ ಎರಡಕ್ಕೂ ಹೊದಿಕೆ ಒಂದೇ. ಹೊಂಗಾರೆಯ ಮರಕ್ಕೆ ಕಾಳುಮೆಣಸಿನ ಎಳೆಬಳ್ಳಿಯನ್ನು ಹಗ್ಗದಿಂದ ಬಿಗಿದು, ಮರ ಬಲಿತರೂ ಹಗ್ಗವನ್ನು ಸಡಿಲಿಸದೆ ಬಿಟ್ಟರೆ, ಕಟ್ಟಿನೊಳಗೆ ನಲುಗುವುದು ಮರವಲ್ಲ, ಬಳ್ಳಿ. ಹಾಗೆಯೇ ದಪ್ಪಗಟ್ಟಿದ ಧಮನಿಯು ತೆಳುಭಿತ್ತಿಯ ಸಿರೆಯನ್ನು ಅದುಮುತ್ತದೆ. ಅಲ್ಲಿ ರಕ್ತದ ಗತಿ ಕೆಟ್ಟು ಹೆಪ್ಪುಗಟ್ಟಿತೆಂದರೆ, ಆ ಸಿರೆಗೆ ಸೇರಿದ ಅಕ್ಷಿಪಟಲದ ಭಾಗದಲ್ಲೆಲ್ಲ ರಕ್ತ ಸೋರಿ, ರಾತ್ರಿ ನೆಟ್ಟಗಿದ್ದ ದೃಷ್ಟಿ ಬೆಳಗಾಗುವಾಗ ಮಸುಕಾಗಿರಬಹುದು.

ಬೆಂಕಿಯ ನಾಲಗೆಯಂತಹ ರಕ್ತಸ್ರಾವ, ಹತ್ತಿಯ ಉಂಡೆಯಂತಹ ಬಿಳಿಯ ಕಲೆ, ಇವು ಮುಂದಿನ ಹಂತದವು. ನೇತ್ರನರದ ಬುಡವೇ ಊದಿಕೊಂಡಿದ್ದರೆ ಒಂದು ದಿನವನ್ನೂ ಕಳೆಯದೆ ಆಸ್ಪತ್ರೆ ಸೇರಬೇಕು. ಮಿದುಳು, ಮೂತ್ರಪಿಂಡಗಳ ನಾಳಗಳೂ ಆಗ ಅಪಾಯದಲ್ಲಿರಬಹುದು.

ಊರೂರಿನಲ್ಲಿ ಶಿಬಿರಗಳನ್ನು ನಡೆಸಿದ ಡಾ. ಎಂ. ಸಿ. ಮೋದಿಯವರಂಥವರ ಪುಣ್ಯದಿಂದ ಪೊರೆಯ ಶಸ್ತ್ರಚಿಕಿತ್ಸೆಯ ಅರಿವು ನಮ್ಮ ಹಳ್ಳಿಗಳಿಗೆ ತಲುಪಿತು. ಆದರೆ ಅಕ್ಷಿಪಟಲದ ಕೇಡು ಪೊರೆಯಲ್ಲ; ಪೊರೆ ತೆಗೆದ ಮಾತ್ರಕ್ಕೆ ಅದು ಹೋಗದು. ಗಂಜಿಯೊಡನೆ ಉಪ್ಪಿನಕಾಯಿ, ಒಣಮೀನುಗಳನ್ನು ಮಿತಗೊಳಿಸುವುದೂ ಬಿಪಿಯ ಮದ್ದನ್ನು ತಪ್ಪದೆ ನುಂಗುವುದೂ ಅದಕ್ಕೆ ನಿಜವಾದ ತಡೆ.

ಓದುಗರಲ್ಲಿ ಬಿಪಿಯುಳ್ಳವರು ದೃಷ್ಟಿ ಚೆನ್ನಾಗಿರುವಾಗಲೇ ಕಣ್ಣಿನ ವೈದ್ಯರ ಬಳಿ ಹೋಗಿ, ಪಾಪೆ ಹಿಗ್ಗಿಸುವ ಮದ್ದು ಹಾಕಿಸಿಕೊಂಡು, ಅಕ್ಷಿಪಟಲವನ್ನು ತೋರಿಸಿಕೊಳ್ಳಬೇಕೆಂದು ಬೇಡುತ್ತೇನೆ. ಹೋಗುವಾಗ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮದ್ದು ಬಿಟ್ಟ ಕಣ್ಣು ಕೆಲವು ಗಂಟೆ ಮಂಜಾಗಿರುತ್ತದೆ.