ಕೆರೆಯ ಜೊಂಡು: ಗುಣ, ನೆಲೆ ಮತ್ತು ಹತೋಟಿ

ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ಭತ್ತದ ಗದ್ದೆಗಳಿಗೆ ಕೆರೆಗಳೇ ಆಸರೆ. ಹೂಳು ತುಂಬಿ ಕೆರೆಯ ಆಳ ಕಡಿಮೆಯಾದಂತೆಲ್ಲ ಜೊಂಡು ಅಂಚಿನಿಂದ ಒಳಕ್ಕೆ ಸರಿಯುತ್ತದೆ. ಕೊಯ್ದಷ್ಟೂ ಚಿಗುರುವ ಈ ಸಸ್ಯವನ್ನು ಹತೋಟಿಯಲ್ಲಿಡಲು ಅದರ ರಚನೆಯನ್ನು ಅರಿಯುವುದು ಅವಶ್ಯ.

ಸಸ್ಯ ಪರಿಚಯ: ಜೊಂಡಿಗೆ ಆಪು ಎಂಬ ಹೆಸರೂ ಇದೆ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಜಾತಿಯ ಸಸ್ಯಶಾಸ್ತ್ರೀಯ ಹೆಸರು ಟೈಫಾ ಡೊಮಿಂಜೆನ್ಸಿಸ್. ಇದು 2 ರಿಂದ 3 ಮೀಟರ್ ಎತ್ತರ ಬೆಳೆಯುತ್ತದೆ. ತೆನೆಯ ಮೇಲ್ಭಾಗದಲ್ಲಿ ಗಂಡು ಹೂಗಳು, ಕೆಳಭಾಗದಲ್ಲಿ ಹೆಣ್ಣು ಹೂಗಳು ಇರುತ್ತವೆ. ನವಿರಾದ ರೋಮಗಳುಳ್ಳ ಸಾವಿರಾರು ಬೀಜಗಳು ಗಾಳಿಯಲ್ಲಿ ತೇಲಿ ದೂರ ಹೋಗುತ್ತವೆ. ಒಮ್ಮೆ ಬೇರೂರಿದರೆ ಕೆಸರಿನೊಳಗಿನ ಗೆಡ್ಡೆ ಅಡ್ಡಡ್ಡವಾಗಿ ಹರಡುತ್ತದೆ.

ನೆಲೆ: ಬಿಸಿಲು ಬೀಳುವ, ಆಳವಿಲ್ಲದ ನಿಂತ ನೀರು ಇದಕ್ಕೆ ಬೇಕು. ಆದುದರಿಂದ ಜೋಯಿಡಾದ ದಟ್ಟ ಕಾಡಿನ ನೆರಳಿನಲ್ಲಾಗಲಿ, ದಾಂಡೇಲಿಯ ಬಳಿ ಬಂಡೆಗಳ ನಡುವೆ ರಭಸದಿಂದ ಹರಿಯುವ ಕಾಳಿ ನದಿಯಲ್ಲಾಗಲಿ ಇದು ನೆಲೆಯೂರದು. ಗದ್ದೆಯ ಗೊಬ್ಬರದ ಸಾರ ಹರಿದು ಸೇರುವ ಕೆರೆಗಳಲ್ಲಿ ಹುಲುಸಾಗಿ ಬೆಳೆಯುತ್ತದೆ.

ಹತೋಟಿ: ಕೆಸರಿನಲ್ಲಿ ಹುದುಗಿದ ಗೆಡ್ಡೆಗೆ ಎಲೆಗಳೊಳಗಿನ ಗಾಳಿಗೂಡುಗಳ ಮೂಲಕವೇ ಗಾಳಿ ಸಿಗುತ್ತದೆ. ನೀರಿನ ಮೇಲೆ ಮೋಟು ಉಳಿದರೂ ಸಾಕು, ಗೆಡ್ಡೆ ಬದುಕುತ್ತದೆ. ಆದುದರಿಂದ ಬೀಜ ಕಟ್ಟುವ ಮೊದಲೇ, ಒಣಗಿದ ಎಲೆಗಳನ್ನೂ ಸೇರಿಸಿ, ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಕೊಯ್ಯಬೇಕು. ಮೋಟು ಕೆಲವು ವಾರ ಮುಳುಗಿದ್ದರೆ ಗೆಡ್ಡೆ ಕೊಳೆಯುತ್ತದೆ. ಮತ್ತೆ ಚಿಗುರಿದಲ್ಲಿ ಇನ್ನೊಮ್ಮೆ ಕೊಯ್ಯಬೇಕು. ಬೇಸಿಗೆಯಲ್ಲಿ ಹೂಳೆತ್ತುವಾಗ ಗೆಡ್ಡೆಗಳನ್ನು ಆರಿಸಿ ಒಣಗಿಸಬೇಕು; ಉಳಿದ ತುಂಡುಗಳು ಪುನಃ ಚಿಗುರುತ್ತವೆ.

ಜೊಂಡನ್ನು ಪೂರ್ತಿ ಕೀಳುವುದೂ ತರವಲ್ಲ. ಕೆರೆಗೆ ನೀರು ಬರುವ ಕಡೆ ಒಂದು ಪಟ್ಟಿ ಉಳಿಸಿದರೆ ಅದು ಹೂಳನ್ನು ತಡೆಯುತ್ತದೆ, ನೀರುಹಕ್ಕಿಗಳಿಗೆ ಗೂಡಿನ ಆಸರೆಯಾಗುತ್ತದೆ. ತೂಬು, ಕೋಡಿ ಮತ್ತು ಕಾಲುವೆಯ ಬಾಯಿಯಲ್ಲಿ ಮಾತ್ರ ಒಂದು ಗಿಡವನ್ನೂ ಬಿಡಬಾರದು.