ಬೆರಳಿಗೆ ಸಿಗುವ ಬ್ಯಾಟರಿ

ಕೈಯಲ್ಲಿ ಹಿಡಿದು ಕೇಳುವ ಆಡಿಯೋ ಪ್ಲೇಯರುಗಳಲ್ಲಿ ಬ್ಯಾಟರಿಯ ಸ್ಥಿತಿ ತಿಳಿಸುವ ಕೆಲಸ ಸಾಮಾನ್ಯವಾಗಿ ಸಾಸಿವೆ ಗಾತ್ರದ ಒಂದು ದೀಪದ್ದು. ಕೆಂಪಗಿದ್ದರೆ ಚಾರ್ಜ್ ಆಗುತ್ತಿದೆ, ಹಸಿರಾದರೆ ತುಂಬಿದೆ, ಮಿಣುಕಿದರೆ ಮುಗಿಯುತ್ತ ಬಂದಿದೆ. ಕಣ್ಣು ಕಾಣದವರಿಗೆ ಈ ಮೂರರ ನಡುವೆ ವ್ಯತ್ಯಾಸವೇ ಇಲ್ಲ. ಕಾದಂಬರಿಯ ವಾಕ್ಯ ಅರ್ಧಕ್ಕೆ ಕಡಿದು ದನಿ ನಿಂತಾಗಲೇ ಅವರಿಗೆ ಸುದ್ದಿ ಮುಟ್ಟುವುದು. ಚಾರ್ಜ್ ಮುಗಿದು ನಿಂತಿತೋ, ಯಾವುದಾದರೂ ಗುಂಡಿ ತಪ್ಪಿ ಒತ್ತಿತೋ, ಯಂತ್ರವೇ ಕೆಟ್ಟಿತೋ ಎಂದು ತಿಳಿಯಲೂ ದಾರಿಯಿಲ್ಲ. ಅಂಧರಿಗೆ ಸುಗಮ್ಯವಾದ ಉಪಕರಣ ಎಂದರೆ ಮೆನು ಓದಿ ಹೇಳುವ ಉಪಕರಣ ಎಂದು ನಾವು ಅಂದುಕೊಂಡಿದ್ದೇವೆ. ಅದು ಅರ್ಧ ಮಾತ್ರ ನಿಜ. ಯಂತ್ರದ ಶಕ್ತಿ ಎಷ್ಟು ಉಳಿದಿದೆ ಎಂಬುದು ಕಿವಿಗೆ ಕೇಳಬೇಕು, ಆ ಶಕ್ತಿಯ ಮೂಲ ಬೆರಳಿಗೆ ಸಿಗಬೇಕು, ಅದು ಸೋತಾಗ ಯಾರ ನೆರವೂ ಇಲ್ಲದೆ ಬದಲಿಸಲು ಬರಬೇಕು. ಈ ಮೂರೂ ಇಲ್ಲದ ಉಪಕರಣ ಎಷ್ಟೇ ಚೆನ್ನಾಗಿ ಮಾತಾಡಿದರೂ ಸುಗಮ್ಯವಲ್ಲ ಎಂಬುದು ಈ ಲೇಖನದ ವಾದ.

ಅಂಧರಿಗಾಗಿಯೇ ರೂಪಿಸಿದ ಯಂತ್ರಗಳಿಗೆ ದೊಡ್ಡ ಇತಿಹಾಸವಿದೆ. ಅಮೆರಿಕದಲ್ಲಿ 1934ರ ಹೊತ್ತಿಗೆ, ಬ್ರಿಟನ್ನಿನಲ್ಲಿ 1935ರಲ್ಲಿ ಮಾತನಾಡುವ ಪುಸ್ತಕಗಳು ಗ್ರಾಮಫೋನ್ ತಟ್ಟೆಗಳ ಮೇಲೆ ಓದುಗರ ಮನೆಗೆ ಬರತೊಡಗಿದವು. ಸಂಗೀತದ ಮಾರುಕಟ್ಟೆಗೆ ದೀರ್ಘವಾದನದ ತಟ್ಟೆ ಬಂದು ನೆಲೆಯೂರಿದ್ದು 1948ರಲ್ಲಿ. ಅದಕ್ಕೆ ಹತ್ತು ವರ್ಷಕ್ಕೂ ಮೊದಲೇ ಅಂಧ ಓದುಗರು ನಿಧಾನವಾಗಿ ತಿರುಗುವ ತಟ್ಟೆಗಳಲ್ಲಿ ಪುಸ್ತಕ ಕೇಳುತ್ತಿದ್ದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2009ರಲ್ಲಿ ತನ್ನ ಅಂಧ ಓದುಗರಿಗೆ ಕೊಡತೊಡಗಿದ ಡಿಜಿಟಲ್ ಯಂತ್ರವನ್ನೇ ನೋಡಿ. ಪುಸ್ತಕವಿರುವ ಪ್ಲಾಸ್ಟಿಕ್ ಕಾರ್ಟ್ರಿಜ್‌ನ ಒಂದು ತುದಿಯಲ್ಲಿ ಬೆರಳಿಗೆ ಸಿಗುವಂತೆ ತೂತಿದೆ. ಯಾವ ಕಡೆ ಹಿಡಿಯಬೇಕು, ಯಾವ ಕಡೆ ತೂರಿಸಬೇಕು ಎಂಬುದನ್ನು ಆ ತೂತೇ ಹೇಳುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ ಯಂತ್ರ ಸುಮಾರು 29 ಗಂಟೆ ಓದುತ್ತದೆ. ವಿನ್ಯಾಸಕಾರನ ಮನಸ್ಸಿನಲ್ಲಿ ಅಂಧ ಓದುಗನೇ ಮೊದಲಿಗನಾಗಿದ್ದರೆ ದನಿ, ಸ್ಪರ್ಶ, ಶಕ್ತಿ ಮೂರೂ ಒಟ್ಟಿಗೆ ಬರುತ್ತವೆ ಎಂಬುದಕ್ಕೆ ಇದು ಸಾಕ್ಷಿ.

ತೊಡಕು ಇರುವುದು ಎಲ್ಲರಿಗಾಗಿ ಮಾಡಿದ ಅಗ್ಗದ ಪ್ಲೇಯರುಗಳಲ್ಲಿ. ಅಲ್ಲಿ ದನಿ ಒಂದು ದಿಕ್ಕಿಗೆ, ಬ್ಯಾಟರಿ ಇನ್ನೊಂದು ದಿಕ್ಕಿಗೆ ನಡೆದವು. 2001ರಲ್ಲಿ ಸ್ವೀಡನ್ನಿನ ಕೆಲವು ಪ್ರೋಗ್ರಾಮರುಗಳು ಆರ್ಕೋಸ್ ಕಂಪನಿಯ ಪ್ಲೇಯರಿಗಾಗಿ ರಾಕ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶ ಬರೆಯಲು ಆರಂಭಿಸಿದರು. ಮುಂದೆ ಅದಕ್ಕೆ ಮಾತನಾಡುವ ಮೆನು ಸೇರಿತು. ಫೈಲು, ಫೋಲ್ಡರುಗಳ ಹೆಸರು ಹೇಳುವುದನ್ನೂ ಅದು ಕಲಿಯಿತು. ಪರದೆ ನೋಡದೆ ಬಳಸಲಾಗದಿದ್ದ ಹಲವು ಪ್ಲೇಯರುಗಳು ಇದರಿಂದ ಅಂಧರ ಕೈಗೆ ದಕ್ಕಿದವು. ಆ ಮೊದಲ ಆರ್ಕೋಸ್ ಯಂತ್ರದಲ್ಲಿದ್ದದ್ದು ನಾಲ್ಕು ಮಾಮೂಲಿ ಡಬಲ್ ಎ ಸೆಲ್‌ಗಳು. ಇತ್ತ 2009ರಲ್ಲಿ ಬಂದ ಮೂರನೇ ತಲೆಮಾರಿನ ಐಪಾಡ್ ಶಫಲ್ ಪರದೆಯೇ ಇಲ್ಲದೆ ಹಾಡಿನ ಹೆಸರು ಹೇಳುತ್ತಿತ್ತು, ಬ್ಯಾಟರಿ ಎಷ್ಟಿದೆ ಎಂಬುದನ್ನೂ ಹೇಳುತ್ತಿತ್ತು. ಕಿವಿಯ ಮಟ್ಟಿಗೆ ಅದು ದೊಡ್ಡ ಮುನ್ನಡೆ. ಆದರೆ ಅದು ಬಲ್ಲ 14 ಭಾಷೆಗಳಲ್ಲಿ ಕನ್ನಡವಾಗಲಿ ಬೇರಾವ ಭಾರತೀಯ ಭಾಷೆಯಾಗಲಿ ಇರಲಿಲ್ಲ. ಬ್ಯಾಟರಿ ಲೋಹದ ಕವಚದೊಳಗೆ ಮುಚ್ಚಿಹೋಗಿತ್ತು. ದನಿ ಬಂದ ಹೊತ್ತಿಗೆ ಬ್ಯಾಟರಿಯ ಬಾಗಿಲು ಮುಚ್ಚಿತ್ತು.

ದನಿ ಕೊಟ್ಟರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ ಎಂಬ ಆಕ್ಷೇಪ ಕೇಳಿಬರುವುದುಂಟು. ಹೀಗೆ ಹೇಳುವವರು ಯಂತ್ರ ಹೇಗೆ ಮಾತಾಡುತ್ತದೆ ಎಂಬುದನ್ನು ಗಮನಿಸಿಲ್ಲ. ರಾಕ್‌ಬಾಕ್ಸ್‌ನಲ್ಲಿ ಮೆನುವಿನ ಪದಗಳನ್ನು ಕಂಪ್ಯೂಟರಿನಲ್ಲಿ ಮೊದಲೇ ದನಿಯಾಗಿಸಿ ಇಟ್ಟಿರುತ್ತಾರೆ. ಪ್ಲೇಯರು ಅವನ್ನು ಹಾಡಿನ ತುಣುಕಿನಂತೆ ನುಡಿಸಿದರೆ ಮುಗಿಯಿತು. ಅಕ್ಷರವನ್ನು ಆ ಕ್ಷಣದಲ್ಲೇ ದನಿಯಾಗಿಸುವ ಭಾರ ಪುಟ್ಟ ಪ್ರೊಸೆಸರಿನ ಮೇಲೆ ಬೀಳುವುದಿಲ್ಲ. ಹೇಗೂ ಪುಸ್ತಕ ನುಡಿಸಲು ಎಚ್ಚರವಾಗಿರುವ ಯಂತ್ರಕ್ಕೆ ನಡುನಡುವೆ ಎರಡು ಪದ ನುಡಿಯುವುದು ಹೊರೆಯೇ ಅಲ್ಲ. ಮೇಲಾಗಿ ಅಂಧ ಬಳಕೆದಾರನಿಗೆ ಪರದೆಯ ಬೆಳಕು ಬೇಡ. ಅದನ್ನು ಪೂರ್ತಿ ಆರಿಸಿಟ್ಟರೆ ಉಳಿಯುವ ಶಕ್ತಿ ಮಾತಿಗೆ ಧಾರಾಳವಾಗಿ ಸಾಲುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಲಿಥಿಯಂ-ಅಯಾನ್ ಬ್ಯಾಟರಿ ಹಗುರ, ತೆಳು, ಹೆಚ್ಚು ಶಕ್ತಿ ಹಿಡಿಯುತ್ತದೆ. ಪೆನ್ಸಿಲ್ ಸೆಲ್ ಹಳೆಯ ಕಾಲದ್ದು, ಅದನ್ನು ಹಾಕಿದರೆ ಯಂತ್ರ ದಪ್ಪವಾಗುತ್ತದೆ ಎಂಬುದು. ಲೆಕ್ಕ ಹಾಕಿ ನೋಡೋಣ. ರಾಕ್‌ಬಾಕ್ಸ್ ಹಾಕಿಕೊಂಡು ಅನೇಕ ಅಂಧರು ಬಳಸಿದ ಸ್ಯಾನ್‌ಸಾ ಕ್ಲಿಪ್ ಪ್ಲಸ್ ಎಂಬ ಬೆಂಕಿಪೊಟ್ಟಣದಷ್ಟು ಪ್ಲೇಯರಿನೊಳಗೆ ಇದ್ದದ್ದು ಸುಮಾರು 290 ಮಿಲಿಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ. ಅದನ್ನು 3.7 ವೋಲ್ಟಿನಿಂದ ಗುಣಿಸಿದರೆ ಸುಮಾರು 1.07 ವ್ಯಾಟ್-ಗಂಟೆ. ತಯಾರಕರು ಹೇಳಿದ 15 ಗಂಟೆಗೆ ಹಂಚಿದರೆ ಗಂಟೆಯಿಡೀ ಬೇಕಾಗುವುದು ಸುಮಾರು 70 ಮಿಲಿವ್ಯಾಟ್ ಮಾತ್ರ. ಈಗ 800 ಮಿಲಿಆಂಪಿಯರ್-ಗಂಟೆಯ ಒಂದೇ ಒಂದು ಟ್ರಿಪಲ್ ಎ ಸೆಲ್ ತೆಗೆದುಕೊಳ್ಳಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಿಕ್ಕಲ್-ಮೆಟಲ್ ಹೈಡ್ರೈಡ್ ಬಗೆಯದು. 1.2 ವೋಲ್ಟಿಗೆ 0.96 ವ್ಯಾಟ್-ಗಂಟೆ ಆಯಿತು. ಸರ್ಕ್ಯೂಟಿಗೆ ಬೇಕಾದ ಮಟ್ಟಕ್ಕೆ ವೋಲ್ಟೇಜ್ ಏರಿಸುವಾಗ ನೂರಕ್ಕೆ ಹದಿನೈದು ಪಾಲು ಸೋರಿಹೋಯಿತು ಎಂದೇ ಇಟ್ಟುಕೊಂಡರೂ ಹನ್ನೊಂದು ಗಂಟೆ ಪುಸ್ತಕ ಕೇಳಬಹುದು. 2000 ಮಿಲಿಆಂಪಿಯರ್-ಗಂಟೆಯ ಡಬಲ್ ಎ ಹಾಕಿದರೆ 28 ಗಂಟೆ. ಪೆನ್ಸಿಲ್ ಸೆಲ್ ಹೆಚ್ಚು ಜಾಗ ಕೇಳುತ್ತದೆ, ತೂಕವೂ ಹೆಚ್ಚು, ನಿಜ. ಆದರೆ ಇಯರ್‌ಫೋನಿನಲ್ಲಿ ಪುಸ್ತಕ ಕೇಳುವ ಯಂತ್ರಕ್ಕೆ ಬೇಕಾಗುವ ಶಕ್ತಿ ಎಷ್ಟು ಕಡಿಮೆಯೆಂದರೆ, ಇಲ್ಲಿ ಲಿಥಿಯಂ ಅನಿವಾರ್ಯವಲ್ಲ.

ಸೆಲ್ಲಿನ ದೊಡ್ಡ ಗುಣ ಅದರ ಆಕಾರದಲ್ಲಿದೆ. ಒಂದು ತುದಿಯಲ್ಲಿ ಮೊಟಕು ಮೊಲೆತೊಟ್ಟು, ಇನ್ನೊಂದು ತುದಿ ಸಪಾಟು. ಗೂಡಿನೊಳಗೆ ಸ್ಪ್ರಿಂಗ್ ಇರುವ ಕಡೆಗೆ ಸಪಾಟು ತುದಿ ಬರಬೇಕು. ಪ್ಲಸ್, ಮೈನಸ್ ಚಿಹ್ನೆ ಓದುವ ಅಗತ್ಯವೇ ಇಲ್ಲ, ಹೆಬ್ಬೆರಳೇ ಓದಿಬಿಡುತ್ತದೆ. ಹೀಗೆ ಸ್ಪರ್ಶಕ್ಕೆ ಅರ್ಥವಾಗುವ ವಸ್ತು ಪೇಟೆಯ ಯಾವ ಅಂಗಡಿಯಲ್ಲೂ ಸಿಗುತ್ತದೆ. ಕವಚದೊಳಗೆ ಅಂಟಿಸಿ, ತಂತಿ ಬೆಸುಗೆ ಹಾಕಿದ ಲಿಥಿಯಂ ಚೀಲದ ಕಥೆ ಬೇರೆ. ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ಚಾರ್ಜ್ ಆದ ಮೇಲೆ ಅದರ ಸಾಮರ್ಥ್ಯ ನೂರಕ್ಕೆ ಎಂಬತ್ತರ ಆಸುಪಾಸಿಗೆ ಇಳಿದು, ಮುಂದೆ ಕುಸಿಯುತ್ತ ಹೋಗುತ್ತದೆ. ದಿನವೂ ಒಂದು ಪೂರ್ತಿ ಚಾರ್ಜ್ ಮುಗಿಸುವವನಿಗೆ ಇದು ಎರಡು ವರ್ಷದೊಳಗಿನ ಮಾತು. ಕಣ್ಣಿದ್ದವರು ಅಂಥ ಯಂತ್ರ ಎಸೆದು ಹೊಸದು ಕೊಳ್ಳುತ್ತಾರೆ. ಬೆರಳಿಗೆ ರೂಢಿಯಾದ ಗುಂಡಿಗಳು, ಕಷ್ಟಪಟ್ಟು ಹೊಂದಿಸಿಕೊಂಡ ದನಿ, ನೂರಾರು ಪುಸ್ತಕಗಳಲ್ಲಿ ಇಟ್ಟ ಗುರುತುಗಳು ಇರುವ ಯಂತ್ರವನ್ನು ಅಂಧ ಓದುಗ ಅಷ್ಟು ಸುಲಭವಾಗಿ ಬಿಡಲಾರ. ಅದೇ ಮಾದರಿ ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ಇರುತ್ತದೆಂಬ ಖಾತ್ರಿಯೂ ಇಲ್ಲ. ಮಾತಾಡುತ್ತಿದ್ದ ಐಪಾಡ್ ಶಫಲ್ 2017ರಲ್ಲಿ ನಿಂತೇಹೋಯಿತು.

ಇಷ್ಟು ಹೇಳಿದ ಮೇಲೆ ಪೆನ್ಸಿಲ್ ಸೆಲ್ಲಿನ ಕೊರತೆಗಳನ್ನೂ ಒಪ್ಪಿಕೊಳ್ಳಬೇಕು. ಅಲ್ಕಲೈನ್ ಸೆಲ್ಲನ್ನು ಮರೆತು ಒಳಗೇ ಬಿಟ್ಟರೆ ಸೋರುತ್ತದೆ. ಸೋರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಚರ್ಮ ಸುಡುವ ಕ್ಷಾರ. ಕಣ್ಣಿದ್ದವರು ಬಿಳಿ ಹುಡಿ ಕಂಡು ಕೈ ಹಿಂದೆಗೆಯುತ್ತಾರೆ, ಅಂಧರು ನೇರವಾಗಿ ಬೆರಳಿಡುತ್ತಾರೆ. ಆದ್ದರಿಂದ ಈ ಬಳಕೆಗೆ ಚಾರ್ಜ್ ಮಾಡುವ ನಿಕ್ಕಲ್ ಸೆಲ್ಲೇ ಮೇಲು. ಮೊದಲು ಅದಕ್ಕೊಂದು ದೋಷವಿತ್ತು: ಬಳಸದೆ ಇಟ್ಟರೂ ತಾನಾಗಿ ಖಾಲಿಯಾಗುತ್ತಿತ್ತು. 2005ರಲ್ಲಿ ಸ್ಯಾನ್ಯೋ ಕಂಪನಿ ತಂದ ಎನೆಲೂಪ್ ಬಗೆಯ ಸೆಲ್‌ಗಳು ವರ್ಷ ಕಳೆದರೂ ತಮ್ಮ ಚಾರ್ಜಿನ ಬಹುಪಾಲು ಉಳಿಸಿಕೊಳ್ಳುತ್ತವೆ. ಉಳಿಕೆ ಅಳೆಯುವ ವಿಷಯದಲ್ಲಿ ಮಾತ್ರ ಗೆಲುವು ಲಿಥಿಯಂನದ್ದೇ. ಅಲ್ಕಲೈನ್ ಸೆಲ್ಲಿನ ವೋಲ್ಟೇಜ್ 1.5ರಿಂದ ಮೆಲ್ಲಗೆ ಇಳಿಯುತ್ತದೆ, ಆ ಇಳಿಜಾರಿನಿಂದ ಉಳಿಕೆ ಊಹಿಸಬಹುದು. ನಿಕ್ಕಲ್ ಸೆಲ್ ಬಹುಕಾಲ 1.2ರ ಸುತ್ತಲೇ ನಿಂತು ಕೊನೆಯಲ್ಲಿ ಥಟ್ಟನೆ ಕುಸಿಯುತ್ತದೆ; ಎಚ್ಚರಿಕೆ ಕೊಡಲು ಯಂತ್ರಕ್ಕೆ ಹೆಚ್ಚು ಸಮಯ ಸಿಗುವುದಿಲ್ಲ. ಒಳಗೆ ಹೋಗುವ, ಹೊರಗೆ ಬರುವ ವಿದ್ಯುತ್ತನ್ನೆಲ್ಲ ಎಣಿಸುವ ಚಿಪ್ ಇರುವ ಲಿಥಿಯಂ ಉಪಕರಣ ಹೆಚ್ಚು ನಿಖರವಾಗಿ ಶೇಕಡಾ ಲೆಕ್ಕ ಹೇಳಬಲ್ಲದು. ಆದರೆ ಜೇಬಿನಲ್ಲಿ ತುಂಬಿದ ಇನ್ನೊಂದು ಸೆಲ್ ಇದ್ದವನಿಗೆ ಆ ನಿಖರತೆ ಅಷ್ಟಾಗಿ ಬೇಕಿಲ್ಲ. ತುಂಬಿದ ಸೆಲ್‌ಗೆ ರಬ್ಬರ್ ಬ್ಯಾಂಡ್ ಸುತ್ತಿಟ್ಟರೆ ಖಾಲಿಯಾದದ್ದರ ಜತೆ ಕಲೆಯುವುದೂ ಇಲ್ಲ.

ಇವೆರಡರ ನಡುವೆ ಮೂರನೆಯ ದಾರಿಯೂ ಇದೆ: ಕಳಚಿ ತೆಗೆಯಬಹುದಾದ, ಒಂದೇ ರೀತಿಯಲ್ಲಿ ಮಾತ್ರ ಕೂರುವ ಆಕಾರದ ಗಟ್ಟಿ ಲಿಥಿಯಂ ಪ್ಯಾಕ್. ಗುಂಡಿಯಿರುವ ಹಳೆಯ ಮೊಬೈಲುಗಳಲ್ಲಿ ಇದನ್ನು ನಾವೆಲ್ಲ ಕಂಡಿದ್ದೇವೆ. ಲಿಥಿಯಂನ ಶಕ್ತಿಯೂ ಸೆಲ್ಲಿನ ಸ್ವಾತಂತ್ರ್ಯವೂ ಅಲ್ಲಿ ಸೇರುತ್ತವೆ. ಚಾರ್ಜ್ ಮಾಡುವ ಕಿಂಡಿ ಯುಎಸ್‌ಬಿ-ಸಿ ಆಗಿರಬೇಕು. ಹಳೆಯ ಮೈಕ್ರೋ ಯುಎಸ್‌ಬಿ ಒಂದೇ ಕಡೆಯಿಂದ ಒಳಹೋಗುತ್ತದೆ, ತಿರುಗಿಸಿ ಒತ್ತಿದರೆ ಕಿಂಡಿಯೇ ಮುರಿಯಬಹುದು. ಯುಎಸ್‌ಬಿ-ಸಿಗೆ ಮೇಲು ಕೆಳಗೆಂಬುದಿಲ್ಲ. ತಂತಿ ಸರಿಯಾಗಿ ಕೂತಿತೆಂದು ಒಂದು ಪುಟ್ಟ ಸದ್ದು ತಿಳಿಸಿದರೆ ದೀಪದ ಕೆಲಸ ಪೂರ್ತಿಯಾಯಿತು.

ಸ್ಮಾರ್ಟ್‌ಫೋನೇ ಈಗ ಮಾತಾಡುವಾಗ ಪ್ರತ್ಯೇಕ ಪ್ಲೇಯರು ಯಾಕೆ ಎಂದು ಕೇಳುವವರಿದ್ದಾರೆ. ಫೋನು ಅಂಧರ ಬದುಕನ್ನು ಬದಲಿಸಿದೆ, ಸಂಶಯವಿಲ್ಲ. ಅದಕ್ಕೇ ಅದರ ಚಾರ್ಜ್ ಉಳಿಯಬೇಕು. ದಾರಿ ಕೇಳಲು, ನೋಟು ಗುರುತಿಸಲು, ಹಣ ಪಾವತಿಸಲು, ಮನೆಗೆ ಕರೆ ಮಾಡಲು ಅದೇ ಫೋನು ಬೇಕು. ಅದರ ಬ್ಯಾಟರಿಯನ್ನು ಕಾದಂಬರಿ ತಿಂದುಹಾಕಿದರೆ ಸಂಜೆ ಬಸ್ ನಿಲ್ದಾಣದಲ್ಲಿ ಕಷ್ಟವಾಗುತ್ತದೆ. ಜೇಬಿನೊಳಗೇ ಬೆರಳಾಡಿಸಿ ನಿಲ್ಲಿಸಬಲ್ಲ ನಿಜವಾದ ಗುಂಡಿ ಗಾಜಿನ ಪರದೆಯಲ್ಲಿ ಸಿಗುವುದೂ ಇಲ್ಲ.

ಕೊಳ್ಳುವವರು ಕಡಿಮೆ, ಕಂಪನಿಗಳು ಯಾಕೆ ತಲೆಕೆಡಿಸಿಕೊಂಡಾವು ಎಂಬುದು ಕೊನೆಯ ಆಕ್ಷೇಪ. ಕಳಚಲು ಬರುವ ಬ್ಯಾಟರಿ ಅಂಧರಿಗಷ್ಟೇ ಬೇಕಾದದ್ದಲ್ಲ, ಅದು ಎಲ್ಲರ ಹಕ್ಕು ಎಂದು ಯೂರೋಪ್ ಒಪ್ಪಿದೆ. 2023ರ ಅಲ್ಲಿನ ಬ್ಯಾಟರಿ ಕಾನೂನಿನ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 2027ರ ಫೆಬ್ರುವರಿ 18ರಿಂದ ಇಂಥ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರನೇ ತೆಗೆದು ಬದಲಿಸುವಂತಿರಬೇಕು. ಪೇಟೆಯಲ್ಲಿ ಸಿಗುವ ಸ್ಕ್ರೂಡ್ರೈವರ್ ಬಳಸಿ ತೆಗೆಯುವಂತಿದ್ದರೂ ಆ ಕಾನೂನಿಗೆ ಸಾಕು, ಬೆರಳಿಗೆ ಸಾಕಾಗುವುದಿಲ್ಲ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವತ್ರಿಕ ವಿನ್ಯಾಸದ ಗ್ರಾಹಕ ವಸ್ತುಗಳನ್ನು ಉತ್ತೇಜಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಅಂಧರಿಗೆ ಪುಸ್ತಕ ಮುಟ್ಟಿಸುವ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ ಇದೆ, ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಮಾತನಾಡುವ ಪುಸ್ತಕಗಳನ್ನು ಒದಗಿಸುತ್ತಿವೆ. ಪುಸ್ತಕಕ್ಕಾಗಿ ಇಷ್ಟು ಮಾಡಿದ ಮೇಲೆ, ಅದನ್ನು ಓದುವ ಯಂತ್ರದ ಬಗ್ಗೆ ಅಸಡ್ಡೆ ಸಲ್ಲದು.

ಅಂಧ ಮಕ್ಕಳ ಶಾಲೆಗೋ, ಗ್ರಂಥಾಲಯಕ್ಕೋ, ಮನೆಯ ಹಿರಿಯರಿಗೋ ಪ್ಲೇಯರು ಕೊಳ್ಳುವವರು ಅಂಗಡಿಯಲ್ಲಿ ಕಣ್ಣು ಮುಚ್ಚಿ ಮೂರು ಪರೀಕ್ಷೆ ಮಾಡಲಿ. ಬ್ಯಾಟರಿ ಎಷ್ಟಿದೆ ಎಂದು ಯಂತ್ರ ಬಾಯಿಬಿಟ್ಟು ಹೇಳುತ್ತದೆಯೇ? ಚಾರ್ಜಿನ ತಂತಿ ತಡಕಾಡದೆ ಸೇರುತ್ತದೆಯೇ? ಬ್ಯಾಟರಿಯನ್ನು ಬೆರಳಿನಿಂದಲೇ ತೆಗೆದು ಮತ್ತೆ ಹಾಕಲು ಬರುತ್ತದೆಯೇ? ಮೂರಕ್ಕೂ ಹೌದು ಎಂಬ ಉತ್ತರ ಸಿಗದಿದ್ದರೆ ದಯವಿಟ್ಟು ಆ ಪೆಟ್ಟಿಗೆಯನ್ನು ಅಲ್ಲೇ ಇಟ್ಟು, ಯಾಕೆ ಬೇಡವೆಂದು ಅಂಗಡಿಯವರಿಗೆ ಹೇಳಿ ಬನ್ನಿ.